ರೊಟ್ಟಿ ಹಿಟ್ಟಿಗೆ ಉದ್ದಿನಬೇಳೆ: ನನ್ನ ಅನುಭವ

ಜೋಳದ ಜೊತೆ ಉದ್ದಿನಬೇಳೆ ಸೇರಿಸಿ ಬೀಸು ಅಂದಾಗ ಗಿರಣಿಯವನು ನನ್ನ ಮುಖವನ್ನೇ ನೋಡಿದ. "ಅಕ್ಕಾ, ರೊಟ್ಟಿ ಮಾಡ್ತೀಯೋ ದ್ವಾಸಿ ಮಾಡ್ತೀಯೋ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಈಗ ಅದೇ ಸಾಲಿನಲ್ಲಿ ಮೂರು ಜನ ಬೇಳೆ ಗಂಟು ಹಿಡಿದು ನಿಲ್ಲುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಪ್ಪಳದಲ್ಲಿ ಮನೆಯಿಂದಲೇ ಕಡಕ್ ರೊಟ್ಟಿ ಮಾರೋಕೆ ಶುರು ಮಾಡಿ ಆರೇಳು ವರ್ಷ ಆಯ್ತು. ಮೊದಲ ಎರಡು ವರ್ಷ ಬರೀ ಚೂರು. ಆಗಾಗ ಗಿರಣಿಗೆ ಹೋಗೋದು ಯಾಕೆ ಅಂತ ಒಂದೇ ಸಲ ಜಾಸ್ತಿ ಬೀಸಿಸಿ ಇಡುತ್ತಿದ್ದೆ, ಹಿಟ್ಟು ಹಳತಾಗಿ ಜಿಗಿ ಹೋಗುತ್ತಿತ್ತು, ಬಡಿಯುವಾಗಲೇ ಅಂಚು ಬಿರಿಯುತ್ತಿತ್ತು. ಕುಷ್ಟಗಿ ಕಡೆಯ ಒಂದು ಮದುವೆಗೆ 1,000 ರೊಟ್ಟಿ ಕಳಿಸಿದ್ದೆ. ಟಂಟಂ ಆಟೋದಿಂದ ಇಳಿಸುವಷ್ಟರಲ್ಲಿ ಮುನ್ನೂರೋ ಮುನ್ನೂರೈವತ್ತೋ ಮುರಿದಿದ್ದವು. ಆಗ ರೊಟ್ಟಿಗೆ 6 ರೂಪಾಯಿ. ಸುಮಾರು 2,000 ಹೋಯ್ತು, ಬಾಡಿಗೆ ಬೇರೆ. ವಾಪಸ್ ಬಂದ ಚೂರನ್ನ ಮಜ್ಜಿಗೆಯಲ್ಲಿ ನೆನೆಸಿ ಮನೆಯವರೆಲ್ಲ ವಾರಗಟ್ಟಲೆ ಉಂಡೆವು.

ಆಮೇಲೆ ಏನೇನೋ ಮಾಡಿದೆ. ಎಸರಿಗೆ ಗಂಜಿ ಹಾಕಿದೆ, ಗಂಗಾವತಿ ಅಕ್ಕಿಗೇನು ಬರ ಇಲ್ವಲ್ಲ. ಬಡಿಯೋಕೆ ಚೆನ್ನಾಗಿ ಬಂತು, ಮರುದಿನ ಜಗಿದರೆ ಚರ್ಮದ ಹಾಗೆ. ಮೆಂತ್ಯ ಹಾಕಿ ಬೀಸಿಸಿದೆ, ಕಹಿ. ಆ ಹಿಟ್ಟನ್ನ ಎಮ್ಮೆಗೆ ಹಾಕಿದರೆ ಅದೂ ಮೂಸಿ ಬಿಟ್ಟಿತು.

ಅವ್ವನ ಹತ್ತಿರ ಅತ್ತುಕೊಂಡಾಗ ಅವಳು ಸುಮ್ನೆ ಅಂದಳು, "ಆಯಿ ಜೋಳದ ಬುಟ್ಟ್ಯಾಗ ಒಂದ್ ಹಿಡಿ ಉದ್ದು ಒಗೀತಿದ್ಲಲ್ಲ." ಆಯಿ ಅಂದರೆ ನಮ್ಮ ಅಜ್ಜಿ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, ನೀನೆಲ್ಲಿ ಕೇಳಿದಿ ಅಂದಳು!

ಹಿಡಿ ಅಂದರೆ ಎಷ್ಟು, ಅಲ್ವಾ? ಮೊದಲ ಸಲ 10 ಕೆಜಿಗೆ 1 ಕೆಜಿ ಹಾಕಿಬಿಟ್ಟೆ. ಹಿಟ್ಟು ಕೈ ಬಿಡಲೇ ಇಲ್ಲ, ಹಂಚಿನ ಮೇಲೆ ಬೇಗ ಕಂದಿತು, ತಿಂದವರು ಉದ್ದಿನ ವಾಸನೆ ಅಂದರು. ಮತ್ತೆ ಇಳಿಸುತ್ತಾ ಬಂದೆ. ಈಗ 10 ಕೆಜಿ ಜೋಳಕ್ಕೆ ಕಾಲು ಕೆಜಿಗಿಂತ ಸ್ವಲ್ಪ ಕಮ್ಮಿ. ಬೇಳೆಗೆ 25-30 ರೂಪಾಯಿ ಬೀಳುತ್ತದೆ. 100 ರೊಟ್ಟಿಗೆ ಮೊದಲು 30 ಮುರಿಯುತ್ತಿದ್ದವು, ಈಗ ನಾಲ್ಕೈದು. ಕಾಗದದಷ್ಟು ತೆಳ್ಳಗೆ ಬಡಿಯುತ್ತೇನೆ ಅಂತ ನಾನೇ ಹೇಳಿಕೊಂಡರೆ ಚೆನ್ನಾಗಿರಲ್ಲ, ಆದರೂ ಹೇಳುತ್ತೇನೆ.

ಸಜ್ಜೆಗೂ ಹಾಕಿ ನೋಡಿದೆ, ರುಚಿ ಕೆಟ್ಟಿತು. ಸಜ್ಜೆಗೆ ಎಳ್ಳೇ ಸರಿ.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆ ದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗುತ್ತದಲ್ಲ, ಕಳೆದ ಸಲ ನಮ್ಮ ಓಣಿಯ ಗಂಟು ಕಟ್ಟುವಾಗ ನನ್ನ ರೊಟ್ಟಿಯನ್ನೇ ಎಲ್ಲಕ್ಕಿಂತ ಕೆಳಗೆ ಇಟ್ಟರು, ಭಾರ ತಡೆಯುತ್ತದೆ ಅಂತ. ನಕ್ಕಿದ್ದ ಗಿರಣಿಯವನ ಹೆಂಡತಿಯೇ ಇಟ್ಟಿದ್ದು.

ಎಸರಿಗೆ ಉಪ್ಪಿನ ಜೊತೆ ಇನ್ನೊಂದು ಚಿಟಿಕೆ ಏನೋ ಹಾಕುತ್ತೇನೆ. ಅದು ಆಯಿದು. ಮಗಳಿಗೂ ಇನ್ನೂ ಹೇಳಿಲ್ಲ.