ಡಿಸರ್ಟೇಶನ್ನಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಎಂ.ಎಡ್. ಮುಗಿಸಿದ್ದು

ಗದಗದಿಂದ ಧಾರವಾಡಕ್ಕೆ ದಿನಾ ಓಡಾಡಿ, ಶನಿವಾರ-ಭಾನುವಾರದ ಟ್ಯೂಷನ್ನೂ ಬಿಡದೆ, ಎರಡೇ ವರ್ಷದಲ್ಲಿ ಎಂ.ಎಡ್. (ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿ) ಮುಗಿಸಿದೆ. ಇದು ಆಗುವ ಮಾತಲ್ಲ ಅಂದಿದ್ದರು ಸೀನಿಯರ್‌ಗಳು. ಮೂರು ವರ್ಷದವರೆಗೆ ಅವಕಾಶ ಇದೆಯಲ್ಲ, ಅವಸರ ಯಾಕೆ ಅಂತ. ಮೂರನೇ ವರ್ಷ ಅಂದರೆ ಇನ್ನೊಂದು ವರ್ಷದ ಸಂಬಳ ಹೋದ ಹಾಗೆ, ಅಲ್ವಾ?

ಎಲ್ಲರೂ ಮೊದಲ ಸೆಮಿಸ್ಟರಿನಿಂದ ಮುಂದಕ್ಕೆ ಪ್ಲಾನ್ ಹಾಕುತ್ತಾರೆ. ನಾನು ಡಿಸರ್ಟೇಶನ್, ಅಂದರೆ ಕೊನೆಗೆ ಕೊಡುವ ಸಂಶೋಧನಾ ಪ್ರಬಂಧ, ಬೈಂಡಿಂಗ್‌ಗೆ ಹೋಗುವ ದಿನದಿಂದ ಹಿಂದಕ್ಕೆ ಬಂದೆ. ಅದಕ್ಕೆ ಡೇಟಾ ಶಾಲೆಗಳಿಂದಲೇ ಬರಬೇಕು. ಏಪ್ರಿಲ್-ಮೇ ಶಾಲೆಗೆ ರಜೆ, ಜೂನ್‌ನಲ್ಲಿ ದಾಖಲಾತಿ ಗದ್ದಲ, ಆಗಸ್ಟ್-ಸೆಪ್ಟೆಂಬರ್ ಕ್ರೀಡಾಕೂಟ ಮತ್ತು ಪ್ರತಿಭಾ ಕಾರಂಜಿ, ಆಮೇಲೆ ದಸರಾ ರಜೆ, ಡಿಸೆಂಬರ್‌ನಲ್ಲಿ ಪ್ರವಾಸ ಮತ್ತು ಗ್ಯಾದರಿಂಗ್, ಜನವರಿಯಿಂದ ಎಸ್ಸೆಸ್ಸೆಲ್ಸಿ ತಯಾರಿ. ಉಳಿಯುವುದು ಜುಲೈ ಮತ್ತು ನವೆಂಬರ್. ಜುಲೈ ಪೈಲಟ್‌ಗೆ (ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿ ನೋಡುವುದು), ನವೆಂಬರ್ ಮೇನ್ ಡೇಟಾಕ್ಕೆ ಅಂತ ಮೊದಲ ವರ್ಷವೇ ಗುರುತು ಹಾಕಿಟ್ಟೆ. ಒಂಬತ್ತನೇ ಕ್ಲಾಸಿನ ಮಕ್ಕಳ ಗಣಿತದ ಭಯ ನನ್ನ ಟಾಪಿಕ್. ಸೆಮಿನಾರ್, ಅಸೈನ್‌ಮೆಂಟ್ ಏನೇ ಕೊಟ್ಟರೂ ಅದರ ಸುತ್ತಲೇ ಬರೆದೆ. ಡಿಸರ್ಟೇಶನ್ನಿನ ಎರಡನೇ ಅಧ್ಯಾಯ, ಅಂದರೆ ಹಿಂದಿನ ಅಧ್ಯಯನಗಳ ಅವಲೋಕನ, ಅರ್ಧಕ್ಕಿಂತ ಜಾಸ್ತಿ ಹಾಗೇ ತಯಾರಾಯಿತು.

ಪೈಲಟ್ ಮಾತ್ರ ಪೂರ್ತಿ ಕೈಕೊಟ್ಟಿತು. ಸುಮಾರು 40 ಹೇಳಿಕೆ, ಐದು ಆಯ್ಕೆ. ಬಹಳಷ್ಟು ಮಕ್ಕಳು ಮಧ್ಯದ ‘ಹೇಳಲಾರೆ’ ಕಾಲಮ್ಮಿಗೆ ಮೇಲಿಂದ ಕೆಳಗೆ ಟಿಕ್ ಹಾಕಿ ಕೊಟ್ಟರು. ಹಾಳೆಯ ಹಿಂಬದಿ ಖಾಲಿ. ‘ಗಣಿತ ಅಂದರೆ ನನಗೆ ಹೆದರಿಕೆ ಇಲ್ಲ’ ಅನ್ನುವ ಸಾಲಿಗೆ ಏನು ಹಾಕಬೇಕು ಅಂತ ಅರ್ಧ ಕ್ಲಾಸು ಪಕ್ಕದವರ ಹಾಳೆ ನೋಡಿತು. ಮಧ್ಯದ ಕಾಲಮ್ ತೆಗೆದೆ, ‘ಇಲ್ಲ’ ಇರುವ ಸಾಲುಗಳನ್ನು ಬದಲಿಸಿದೆ, ಒಂದೇ ಬದಿಗೆ ಪ್ರಿಂಟ್ ಹಾಕಿಸಿದೆ. ಝೆರಾಕ್ಸ್ ಖರ್ಚು ಹೆಚ್ಚಾಯಿತು, ನವೆಂಬರಿನಲ್ಲಿ ಖಾಲಿ ಹಾಳೆ ಬೆರಳೆಣಿಕೆಯಷ್ಟೇ ಬಂದವು.

ದುಡ್ಡಿನ ಮಾತು. ಹಿಂದಿನ ಬ್ಯಾಚಿನವರು ಆಗ್ರಾದಿಂದ ರೆಡಿಮೇಡ್ ಸ್ಕೇಲ್ (ಸಿದ್ಧ ಪ್ರಶ್ನಾವಳಿ) ತರಿಸಿ, ಲೆಕ್ಕ ಹೊರಗೆ ಮಾಡಿಸಿ 15-20 ಸಾವಿರ ಸುರಿದಿದ್ದರು. ನನಗೆ ಎಲ್ಲ ಸೇರಿ 7-8 ಸಾವಿರ. ಹಳೆಯ ಥೀಸಿಸ್‌ಗಳು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ) ಎಕ್ಸೆಲ್‌ನಲ್ಲೇ ಮಾಡಿದೆ. ಸುಮ್ನೆ ಒಂದು ಟೇಬಲ್ ಕೈಯಲ್ಲೂ ಲೆಕ್ಕ ಹಾಕಿ ನೋಡಿದೆ, ಎರಡೂ ಸರಿ ಹೊಂದಿತು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದೇ ಟೇಬಲ್ ಮೇಲೆ ಪ್ರಶ್ನೆ ಬಂತು, ಪೆನ್ನು ಹಿಡಿದು ಬಿಡಿಸಿ ತೋರಿಸಿದೆ. ಬಸ್ಸಿಗೆ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಇತ್ತು, ಆಧಾರ್ ತೋರಿಸಿದರೆ ಸಾಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು (ಬಿಆರ್‌ಟಿಎಸ್) ಬೇಗ ಹೋಗುತ್ತದೆ ನಿಜ, ಆದರೆ ಅದು ಎಸಿ, ಟಿಕೆಟ್ ತೆಗೆಯಬೇಕು. ಪರೀಕ್ಷೆಯ ದಿನ ಮಾತ್ರ ಅದನ್ನು ಹತ್ತುತ್ತಿದ್ದೆ.

ಹಾಜರಾತಿಯಲ್ಲಿ ಆಟ ಬೇಡ. ಥಿಯರಿಗೆ 80%, ಇಂಟರ್ನ್‌ಶಿಪ್‌ಗೆ 90% ಬೇಕೇ ಬೇಕು. ಮನೆಯಲ್ಲಿ ಮದುವೆ-ಮುಂಜಿ ಇದ್ದರೆ ರಜೆಯನ್ನು ಥಿಯರಿ ಕ್ಲಾಸಿನ ದಿನಗಳಲ್ಲೇ ಹಾಕಿ, ಇಂಟರ್ನ್‌ಶಿಪ್‌ನಲ್ಲಿ ಬೇಡ.

ಒಂದು ಹೈಸ್ಕೂಲಿನಲ್ಲಿ, ಮಕ್ಕಳಿಂದ ಡೇಟಾ ತೆಗೆದುಕೊಳ್ಳುವ ಅನುಮತಿ ಪತ್ರ ವಾರಗಟ್ಟಲೆ ಮೇಜಿನ ಮೇಲೇ ಬಿದ್ದಿತ್ತು. ಆಮೇಲೆ ನಾನು ಬೇರೆ ದಾರಿ ಹಿಡಿದೆ, ಉಳಿದ ಶಾಲೆಗಳ ಹೆಡ್‌ಮಾಸ್ತರರು ಅದೇ ದಿನ ಸಹಿ ಹಾಕಿಕೊಟ್ಟರು. ಆ ದಾರಿ ಏನು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಜೂನಿಯರ್‌ಗಳು ಜುಲೈಗೆ ಮುಂಚೆ ಬಂದು ಕೇಳಲಿ, ಹೇಳುತ್ತೇನೆ.