ಕೌಂಟರಿನ ಕನ್ನಡ: ಪಾಠಕ್ಕಿಂತ ಮೊದಲು ಕಲಿಕೆಯ ಉದ್ದೇಶ ಬರೆದ ನನ್ನ ಅನುಭವ

ಬಿಹಾರ, ಕೇರಳ, ಆಂಧ್ರಗಳಿಂದ ವರ್ಗವಾಗಿ ಧಾರವಾಡ ಜಿಲ್ಲೆಯ ಬ್ಯಾಂಕ್ ಶಾಖೆಗಳಿಗೆ ಬಂದ ಸಿಬ್ಬಂದಿಗೆ ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನನಗೆ ಸಿಕ್ಕ ಲಿಖಿತ ಸೂಚನೆ ಒಂದೇ ಸಾಲಿನದು: ‘ಸಿಬ್ಬಂದಿಗೆ ವ್ಯಾವಹಾರಿಕ ಕನ್ನಡದ ತಿಳಿವಳಿಕೆ ನೀಡುವುದು.’ ಕೌಂಟರು ಮುಚ್ಚಿದ ಮೇಲೆ ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳ ಕಾಲಾವಕಾಶವಿತ್ತು. ಇಂಥ ಸಾಲನ್ನು ನಂಬಿ ಪಾಠವನ್ನು ಎಲ್ಲಿಂದ ಬೇಕಾದರೂ ಆರಂಭಿಸಬಹುದು ಎನ್ನುವುದೇ ಅದರ ತೊಂದರೆ. ವರ್ಣಮಾಲೆಯ 49 ಅಕ್ಷರಗಳಿಂದ ಹೊರಟರೂ ಸರಿ, ವಿಭಕ್ತಿ ಪ್ರತ್ಯಯಗಳಿಂದ ಹೊರಟರೂ ಸರಿ. ಕೊನೆಗೆ ಒಬ್ಬರು ತಿಳಿವಳಿಕೆ ಬಂದಿದೆ ಎನ್ನಬಹುದು, ಇನ್ನೊಬ್ಬರು ಬಂದಿಲ್ಲ ಎನ್ನಬಹುದು, ಇಬ್ಬರ ಮಾತನ್ನೂ ತಳ್ಳಿಹಾಕಲು ಆಧಾರವಿರುವುದಿಲ್ಲ.

ಆದ್ದರಿಂದ ಪಠ್ಯಕ್ಕೆ ಕೈ ಹಾಕುವ ಮೊದಲು ಶಾಖೆಗಳ ಕೌಂಟರಿನ ಪಕ್ಕ ಕುಳಿತು, ಗ್ರಾಹಕರು ಏನನ್ನು ಹೇಗೆ ಕೇಳುತ್ತಾರೆಂದು ಬರೆದುಕೊಂಡೆ. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗಿದೆಯೇ, ಎಟಿಎಂ ಕಾರ್ಡು ಏಕೆ ಬ್ಲಾಕ್ ಆಗಿದೆ, ಆಧಾರ್ ಲಿಂಕ್ ಮಾಡಿಸಲು ಏನೇನು ತರಬೇಕು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಕೊಡುತ್ತೀರಾ, ನವೆಂಬರಿನಲ್ಲಾದರೆ ಪಿಂಚಣಿದಾರರ ಜೀವನ ಪ್ರಮಾಣಪತ್ರ ಎಲ್ಲಿ ಕೊಡಬೇಕು: ದಿನದ ಮಾತುಕತೆಯ ಬಹುಪಾಲು ಇಂಥ ಕೆಲವೇ ಪ್ರಶ್ನೆಗಳ ಸುತ್ತ ತಿರುಗುತ್ತಿತ್ತು. ಈ ಟಿಪ್ಪಣಿಯಿಂದಲೇ ಕಲಿಕೆಯ ಉದ್ದೇಶಗಳನ್ನು ರೂಪಿಸಿದೆ.

ಉದ್ದೇಶ ಬರೆಯುವಾಗ ನಾನು ಅನುಸರಿಸಿದ ಕ್ರಮ ಹೊಸದಲ್ಲ. ಕಲಿತವನು ಏನನ್ನು ಮಾಡಿ ತೋರಿಸಬೇಕು, ಯಾವ ಸಂದರ್ಭದಲ್ಲಿ ಮಾಡಬೇಕು, ಎಷ್ಟು ಚೆನ್ನಾಗಿ ಮಾಡಿದರೆ ಸಾಕು ಎಂಬ ಮೂರು ಅಂಶಗಳು ಉದ್ದೇಶದಲ್ಲಿ ಸ್ಪಷ್ಟವಾಗಿರಬೇಕೆಂದು ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ 1962ರಷ್ಟು ಹಿಂದೆಯೇ ಹೇಳಿದ್ದರು. ಭಾಷಾ ಕಲಿಕೆಯಲ್ಲಂತೂ, ಯುರೋಪಿನ ಮಂಡಳಿಯು 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಚೌಕಟ್ಟು ಕಲಿಯುವವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂಬ ಹೇಳಿಕೆಗಳ ಮೇಲೆಯೇ ನಿಂತಿದೆ. ‘ತಿಳಿದುಕೊಳ್ಳುವರು’, ‘ಅರಿಯುವರು’ ಎಂಬ ಕ್ರಿಯಾಪದಗಳನ್ನು ನಾನು ಪೂರ್ತಿ ಬಿಟ್ಟೆ. ನಮ್ಮ ಬಹಳಷ್ಟು ಪಠ್ಯಕ್ರಮಗಳ ಮೊದಲ ಪುಟದಲ್ಲಿ ಇವೆರಡೇ ತುಂಬಿರುತ್ತವೆ, ಆ ಪುಟವನ್ನು ಪಾಠ ಮಾಡುವವರೂ ತಿರುಗಿ ನೋಡುವುದಿಲ್ಲ.

ನನ್ನ ಪಟ್ಟಿಯ ಮೊದಲ ಉದ್ದೇಶ ಹೀಗಿತ್ತು: ‘ಗ್ರಾಹಕರು ಒಂದು ಲಕ್ಷದೊಳಗಿನ ಮೊತ್ತವನ್ನು ಸಹಜ ವೇಗದಲ್ಲಿ ಬಾಯಲ್ಲಿ ಹೇಳಿದಾಗ, ಮತ್ತೆ ಕೇಳದೆ ಅದನ್ನು ಅಂಕಿಯಲ್ಲಿ ಬರೆಯುವುದು, ಹತ್ತು ಮೊತ್ತಗಳಲ್ಲಿ ಒಂಬತ್ತು ಸರಿಯಿರಬೇಕು.’ ಸಾಮಾನ್ಯ ಪಠ್ಯಗಳಂತೆ ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿಸಿದ್ದರೆ ಈ ಉದ್ದೇಶ ಈಡೇರುತ್ತಿರಲಿಲ್ಲ. ಏಕೆಂದರೆ ಜನ 15,500ನ್ನು ‘ಹದಿನೈದೂವರೆ ಸಾವಿರ’ ಎನ್ನುತ್ತಾರೆ, 2,250ನ್ನು ‘ಎರಡೂಕಾಲು ಸಾವಿರ’ ಎನ್ನುತ್ತಾರೆ. ಕಾಲು, ಅರೆ, ಮುಕ್ಕಾಲುಗಳು ಸಂಖ್ಯೆಯೊಡನೆ ಬೆಸೆದುಕೊಂಡು ಬಂದಾಗ ಕಿವಿ ಅವನ್ನು ಬಿಡಿಸಿಕೊಳ್ಳಬೇಕು. ‘ಐದು’, ‘ನೂರು’ ಎರಡನ್ನೂ ಬಲ್ಲವರು ‘ಐನೂರು’ ಕೇಳಿದಾಗ ತಡವರಿಸುತ್ತಾರೆ. ‘ಒಂಬೈನೂರು’ ಇನ್ನೂ ಕಷ್ಟ. ಹೀಗಾಗಿ ಸಂಖ್ಯೆಗಳನ್ನು ಹೇಳಿಸುವುದಕ್ಕಿಂತ ಕೇಳಿಸಿ ಬರೆಯಿಸುವ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಟ್ಟೆ, ಮತ್ತು ಧ್ವನಿಮುದ್ರಿಕೆಯಲ್ಲಿ ನನ್ನ ದನಿಯ ಬದಲು ಬೇರೆಬೇರೆ ವಯಸ್ಸಿನ ಸ್ಥಳೀಯರ ದನಿಯನ್ನು ಬಳಸಿದೆ. ‘ಸಹಜ ವೇಗದಲ್ಲಿ’ ಎಂಬ ಎರಡು ಪದಗಳು ಉದ್ದೇಶದಲ್ಲಿ ಇದ್ದುದರಿಂದಲೇ ಈ ತೀರ್ಮಾನ ಅನಿವಾರ್ಯವಾಯಿತು. ಮೇಷ್ಟರ ನಿಧಾನದ, ಬಿಡಿಸಿ ಹೇಳುವ ಉಚ್ಚಾರಣೆಯನ್ನು ಯಾವ ಗ್ರಾಹಕರೂ ಕೌಂಟರಿಗೆ ತರುವುದಿಲ್ಲ.

ಉದ್ದೇಶಗಳು ಸ್ಪಷ್ಟವಾದಾಗ ಅವುಗಳಿಂದ ಆಗುವ ದೊಡ್ಡ ಉಪಕಾರವೆಂದರೆ, ಏನನ್ನು ಬಿಡಬಹುದು ಎನ್ನುವುದಕ್ಕೆ ಧೈರ್ಯ ಬರುವುದು. ಕನ್ನಡದ ಕ್ರಿಯಾಪದ ಬಂದನು, ಬಂದಳು, ಬಂದರು, ಬಂತು ಎಂದು ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ರೂಪ ಬದಲಿಸುವುದರಿಂದ, ಹೊಸಬರು ಮೊದಲ ವಾರಗಳಲ್ಲೇ ಸೋತುಹೋಗುತ್ತಾರೆ. ಕೌಂಟರಿನಲ್ಲಿ ಕುಳಿತವರು ಎದುರಿಗಿರುವವರನ್ನು ‘ನೀವು’ ಎಂದೇ ಕರೆಯಬೇಕು, ಅಲ್ಲಿಲ್ಲದವರನ್ನು ‘ಅವರು’ ಎಂದರೆ ಯಾರಿಗೂ ನೋವಾಗದು, ಉಳಿದಂತೆ ಮಾತೆಲ್ಲ ಹಣ, ಕಾರ್ಡು, ಅರ್ಜಿಗಳ ಕುರಿತಾದದ್ದು. ಹಾಗಾಗಿ ನಾನು, ನೀವು, ಅವರು, ಅದು ಎಂಬ ನಾಲ್ಕು ರೂಪಗಳನ್ನು ಮಾತ್ರ ಉಳಿಸಿಕೊಂಡು ಅವನು, ಅವಳು, ನೀನು ಎಂಬವನ್ನು ಮುಂದಿನ ಹಂತಕ್ಕೆ ದೂಡಿದೆ. ಅದರ ಬದಲು ‘ಬಂದಿದೆ, ಬಂದಿಲ್ಲ, ಬರಬೇಕು, ಬರಬಹುದು’ ಎಂಬ ನಾಲ್ಕನ್ನು ಚೆನ್ನಾಗಿ ತಿದ್ದಿಸಿದೆ. ವ್ಯಾಕರಣವನ್ನು ಕತ್ತರಿಸಿದ್ದಕ್ಕೆ ಒಬ್ಬ ಹಿರಿಯ ಅಧ್ಯಾಪಕರು ಬೇಸರ ಪಟ್ಟುಕೊಂಡರು. ಉದ್ದೇಶಗಳ ಪಟ್ಟಿಯನ್ನು ಮುಂದಿಟ್ಟು, ‘ಅವನು’ ಎಂಬ ರೂಪ ಇದರಲ್ಲಿ ಯಾವುದಕ್ಕೆ ಬೇಕು ಎಂದು ಕೇಳಿದ ಮೇಲೆ ಚರ್ಚೆ ಅಲ್ಲಿಗೇ ಮುಗಿಯಿತು.

ಯಾವ ಊರಿನ ಕನ್ನಡ ಎಂಬ ಪ್ರಶ್ನೆಯೂ ಇದೇ ದಾರಿಯಲ್ಲಿ ಬಗೆಹರಿಯಿತು. ಗ್ರಾಹಕರು ಕೇಳುವುದು ‘ರೊಕ್ಕ ಬಂದೈತೇನ್ರೀ?’ ಎಂದು. ಕೇಳಿ ಗ್ರಹಿಸುವ ಉದ್ದೇಶಗಳಲ್ಲಿ ‘ಈ ಶಾಖೆಗೆ ಬರುವ ಗ್ರಾಹಕರ ಮಾತು’ ಎಂದು ಬರೆದಿದ್ದರಿಂದ ಧಾರವಾಡದ ಮಾತನ್ನೇ ಕೇಳಿಸಿದೆ. ಮಾತನಾಡುವ ಉದ್ದೇಶಗಳಲ್ಲಿ ಗೌರವದ ‘ರಿ’ ಸೇರಿದ ಸರಳ ವಾಕ್ಯ ಸಾಕೆಂದು ನಿಗದಿಪಡಿಸಿದೆ.

ಲಿಪಿಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಚೆಕ್ಕನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರಾದೇಶಿಕ ಭಾಷೆಯಲ್ಲಿ ಬರೆಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ, ಆದ್ದರಿಂದ ಕನ್ನಡದಲ್ಲಿ ಬರೆದ ಮೊತ್ತವನ್ನು ಓದಬೇಕೆಂಬ ಉದ್ದೇಶವನ್ನು ಕೈಬಿಡುವಂತಿರಲಿಲ್ಲ. ಆದರೆ ಅದನ್ನು ‘ಕನ್ನಡ ಓದುವುದು’ ಎಂದು ಬರೆಯದೆ, ‘ಅಕ್ಷರದಲ್ಲೂ ಕನ್ನಡ ಅಂಕಿಯಲ್ಲೂ ಬರೆದ ಮೊತ್ತವನ್ನು ಗುರುತಿಸಿ ತಾಳೆ ನೋಡುವುದು’ ಎಂದು ಬರೆದೆ. ಹೀಗೆ ಬರೆದೊಡನೆ ಇಡೀ ವರ್ಣಮಾಲೆಯ ಕೆಲಸ ಹತ್ತು ಅಂಕಿಗಳಿಗೂ ಹತ್ತಾರು ಸಂಖ್ಯಾವಾಚಕಗಳಿಗೂ ಇಳಿಯಿತು.

ಪರೀಕ್ಷೆಯನ್ನು ಪಾಠಗಳಿಗಿಂತ ಮೊದಲೇ ಸಿದ್ಧಪಡಿಸಿದೆ. ಪ್ರತಿ ಉದ್ದೇಶವನ್ನೂ ಸಹೋದ್ಯೋಗಿಯೊಬ್ಬರಿಗೆ ತೋರಿಸಿ, ಒಂದೇ ಉತ್ತರವನ್ನು ನಾವಿಬ್ಬರೂ ಪ್ರತ್ಯೇಕವಾಗಿ ನೋಡಿದರೆ ಅದು ಪಾಸೋ ಫೇಲೋ ಎಂಬುದರಲ್ಲಿ ಒಂದೇ ಅಭಿಪ್ರಾಯಕ್ಕೆ ಬರುತ್ತೇವೆಯೇ ಎಂದು ಪರಿಶೀಲಿಸಿದೆವು. ಬಾರದಿದ್ದಲ್ಲಿ ಉದ್ದೇಶದ ವಾಕ್ಯವನ್ನೇ ತಿದ್ದಿದೆವು. ‘ಸೌಜನ್ಯದಿಂದ ಮಾತನಾಡುವುದು’ ಎಂಬುದು ಎಷ್ಟು ತಿದ್ದಿದರೂ ಈ ಒರೆಗೆ ನಿಲ್ಲಲಿಲ್ಲ. ಶಿಕ್ಷಣದ ಎಲ್ಲ ಫಲವನ್ನೂ ಮುಂಚಿತವಾಗಿ ವಾಕ್ಯದಲ್ಲಿ ಕಟ್ಟಿಡಲಾಗದೆಂದು ಅಮೆರಿಕದ ಶಿಕ್ಷಣತಜ್ಞ ಎಲಿಯಟ್ ಐಸ್ನರ್ 1960ರ ದಶಕದಲ್ಲಿ ಎತ್ತಿದ ಆಕ್ಷೇಪಕ್ಕೆ ಇಲ್ಲಿ ತೂಕವಿದೆಯೆಂದು ನನಗೂ ಅನ್ನಿಸುತ್ತದೆ. ಅಜ್ಜಿಯೊಬ್ಬರು ಕೌಂಟರಿನಲ್ಲಿ ‘ಏನಪ್ಪಾ ತಮ್ಮಾ’ ಎಂದು ಮಾತು ತೆಗೆದಾಗ ಮುಖದಲ್ಲಿ ಏಳಬೇಕಾದ ನಗುವಿಗೆ ಅಂಕ ಕೊಡಲು ಹೋಗಬಾರದು. ಅದನ್ನು ಪಟ್ಟಿಯಿಂದ ತೆಗೆದು, ತರಗತಿಯಲ್ಲಿ ಅಣಕು ಸಂಭಾಷಣೆ ನಡೆಸುವಾಗಲೆಲ್ಲ ಬಾಯಿಮಾತಿನಲ್ಲಿ ತಿದ್ದುತ್ತ ಹೋದೆ.

ಕೊನೆಯ ಪರೀಕ್ಷೆಯಲ್ಲಿ ಗ್ರಾಹಕರ ಪಾತ್ರವನ್ನು ಊರಿನ ನಿವೃತ್ತ ನೌಕರರು ವಹಿಸಿದರು. ಮೊತ್ತ ಬರೆಯುವುದರಲ್ಲಿ ಬಹುತೇಕರು ಗುರಿ ಮುಟ್ಟಿದರು. ಹಣ ಏಕೆ ಬಂದಿಲ್ಲವೆಂದು ಕಾರಣ ಕೊಟ್ಟು ವಿವರಿಸುವುದರಲ್ಲಿ ಅರ್ಧದಷ್ಟು ಜನ ಎಡವಿದರು. ‘ಅದಕ್ಕೆ’, ‘ಆದ್ದರಿಂದ’, ‘ಆದಮೇಲೆ’ ಎಂದು ಎರಡು ವಾಕ್ಯಗಳನ್ನು ಜೋಡಿಸುವ ಅಭ್ಯಾಸ ಸಾಲದಾಗಿತ್ತೆಂಬುದು ಇದರಿಂದ ಖಚಿತವಾಗಿ ತಿಳಿಯಿತು, ಮತ್ತು ಮುಂದಿನ ತಂಡಕ್ಕೆ ಸಮಯವನ್ನು ಅಲ್ಲಿಗೇ ಹೊರಳಿಸಿದೆ.

ಆ ಬಳಿಕ ಬಂದವರು ಕೃಷಿ ಸಾಲ ವಿಭಾಗದ ಅಧಿಕಾರಿಗಳು. ಹಳೆಯ ಪಾಠಗಳನ್ನೇ ಕೊಡಿ ಎಂದು ಕೇಳಿದರು, ಆದರೆ ಅವರ ಕೆಲಸದ ಪಟ್ಟಿ ಮಾಡಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಪಹಣಿ ಓದುವುದು: ಖಾತೆದಾರರ ಹೆಸರು, ಎಕರೆ-ಗುಂಟೆಗಳ ಲೆಕ್ಕ, ಬೆಳೆಯ ವಿವರ, ಋಣಗಳ ಕಾಲಂ, ಎಲ್ಲವೂ ಕನ್ನಡದಲ್ಲೇ ಇರುತ್ತವೆ. ಹಾಗಾಗಿ ಕೌಂಟರಿನವರಿಗೆ ಹೆಚ್ಚುಕಡಿಮೆ ಕೈಬಿಟ್ಟಿದ್ದ ವರ್ಣಮಾಲೆಯನ್ನು ಇವರಿಗೆ ಮೊದಲ ದಿನದಿಂದಲೇ ಒತ್ತಕ್ಷರ ಸಮೇತ ಕಲಿಸಬೇಕಾಯಿತು, ಮತ್ತು ಹೊಲಗಳಲ್ಲಿ ಅಣ್ಣತಮ್ಮಂದಿರ ಪಾಲಿನ ಮಾತು ಬರುವುದರಿಂದ ದೂಡಿಟ್ಟಿದ್ದ ‘ಅವನು’, ‘ಅವಳು’ ಎಂಬ ರೂಪಗಳೂ ಎರಡನೆಯ ವಾರದಲ್ಲೇ ಪಾಠಕ್ಕೆ ಬಂದವು.