ಶಾಲೆಯಲ್ಲಿ ಹೇಳಿಕೊಳ್ಳುವ ಮೊದಲು, ಹೇಳಿಕೊಂಡ ಮೇಲೆ

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ನಾನು ಗೇ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಮುಂಬೈಗೆ ಪಾಠ ಮಾಡಲು ಬಂದ ನಮ್ಮ ಕಡೆಯ ಹುಡುಗರು 'ಹೇಗೆ ಹೇಳಿದ್ರಿ ಸರ್?' ಅಂತ ಕೇಳುತ್ತಾರೆ. ಕೆಲಸ ಪರ್ಮನೆಂಟ್ ಆಗಿದೆಯಾ ಅಂತ ನಾನು ಮೊದಲು ವಿಚಾರಿಸುತ್ತೇನೆ.

ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರಿಗೆ 1977ರ ಕಾಯ್ದೆ ಇದೆ. ಪ್ರೊಬೇಷನ್ ಸಾಮಾನ್ಯವಾಗಿ 2 ವರ್ಷ. ಆಗ ಒಂದು ತಿಂಗಳ ನೋಟಿಸು ಕೊಟ್ಟು ಕಳಿಸಿಬಿಡಬಹುದು. ಖಾಯಂ ಆದ ಮೇಲೆ ವಿಚಾರಣೆ ಮಾಡದೆ ತೆಗೆಯುವಂತಿಲ್ಲ. ತೆಗೆದರೆ 30 ದಿನದೊಳಗೆ ಸ್ಕೂಲ್ ಟ್ರಿಬ್ಯೂನಲ್‌ಗೆ, ಅಂದರೆ ಶಾಲಾ ನೌಕರರ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೇ ಕನ್ಫರ್ಮೇಷನ್ ಪತ್ರ ಕೈಗೆ ಬರಲಿ, ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ. ಸುಪ್ರೀಂ ಕೋರ್ಟಿನ 2018ರ ತೀರ್ಪು ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು, ನಿಜ. ಆದರೆ ಗೇ ಟೀಚರ್ ಕೆಲಸ ಕಾಯುವ ಪ್ರತ್ಯೇಕ ಕಾನೂನು ಬಂದಿಲ್ಲ. ಟ್ರಾನ್ಸ್ ಟೀಚರ್‌ಗಳಿಗೆ 2019ರ ಕಾಯ್ದೆ ಇದೆ. ಒಂದು ಶಾಲೆಯಲ್ಲಿ ಕೆಲಸ ಕಳೆದುಕೊಂಡು, ಇನ್ನೊಂದರಲ್ಲಿ ಸೇರಿಸಿಕೊಳ್ಳದೆ ವಾಪಸ್ ಕಳಿಸಲ್ಪಟ್ಟ ಟ್ರಾನ್ಸ್ ಟೀಚರ್ ಜೇನ್ ಕೌಶಿಕ್ ಅವರಿಗೆ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು.

ಮೊದಲು ಒಬ್ಬ ಸಹೋದ್ಯೋಗಿಗೆ ಹೇಳಿ. ನೀವಿಲ್ಲದಾಗ ಸ್ಟಾಫ್‌ರೂಮಿನಲ್ಲಿ ನಿಮ್ಮ ಪರ ಬಾಯಿ ತೆರೆಯುವವರನ್ನೇ ಆರಿಸಿ. ನಾನು ಹೇಳಿದ್ದು ಕುಂದಾಪುರ ಕಡೆಯ ಸೈನ್ಸ್ ಟೀಚರಿಗೆ. 'ಅದಕ್ಕೇನೀಗ? ಡಬ್ಬಿ ತೆಗೀರಿ, ಊಟಕ್ಕೆ ಹೊತ್ತಾಯ್ತು' ಅಂದರು. ಆಮೇಲೆ ಪ್ರಿನ್ಸಿಪಾಲರಿಗೆ. ಬೇರೆಯವರ ಬಾಯಿಂದ ಕಿವಿಗೆ ಬೀಳುವ ಮುಂಚೆ ನೀವೇ ಹೋಗಿ ಮಾತಾಡಿ. ವಾಟ್ಸಾಪ್‌ನಲ್ಲಿ ಮಾತ್ರ ಬೇಡ.

ಕ್ಲಾಸಿನಲ್ಲಿ ಘೋಷಣೆ ಮಾಡಬೇಕಿಲ್ಲ. ಉಳಿದ ಟೀಚರ್‌ಗಳು ಮನೆಯ ವಿಷಯ ಎಷ್ಟು ಹೇಳುತ್ತಾರೋ ಅಷ್ಟು ಸಾಕು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು 'ಸರ್, ನಿಮ್ಮ ಮಿಸೆಸ್ ಏನ್ ಮಾಡ್ತಾರೆ?' ಅಂತ ಕೇಳಿದಳು. 'ನನ್ನ ಸಂಗಾತಿ ಗಂಡಸು, ಬ್ಯಾಂಕಿನಲ್ಲಿ ಕೆಲಸ' ಅಂದೆ. ಒಂದು ಕ್ಷಣ ಗುಸುಗುಸು. ಅಷ್ಟರಲ್ಲಿ ಹಿಂದಿನ ಬೆಂಚಿನವನು ತ್ರಿಕೋನದ ಲೆಕ್ಕ ಬರಲಿಲ್ಲ ಅಂತ ಎದ್ದು ನಿಂತ. ಪಾಠ ಮುಂದುವರಿಯಿತು.

ನೀವು ಹೇಳಿಕೊಂಡ ಮೇಲೆ ಯಾವುದೋ ಮಗು ತನ್ನ ಮನಸ್ಸು ಬಿಚ್ಚಲು ಬಂದೇ ಬರುತ್ತದೆ. ಇದು ತುಂಬಾ ಜವಾಬ್ದಾರಿಯ ಕೆಲಸ. ಬಾಗಿಲು ಹಾಕಿದ ಕೋಣೆ ಬೇಡ, ಲೈಬ್ರರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಕೂತು ಕೇಳಿ. ಸ್ವಂತ ನಂಬರ್ ಕೊಡಬೇಡಿ. ಮಗುವಿನ ಗುಟ್ಟನ್ನು ನೀವಾಗಿ ಅಪ್ಪ ಅಮ್ಮನಿಗೆ ಹೇಳಬೇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಆಪ್ತಸಮಾಲೋಚಕರ (ಕೌನ್ಸೆಲರ್) ಹತ್ತಿರ ತಕ್ಷಣ ಕರೆದುಕೊಂಡು ಹೋಗಿ.

ಪೋಷಕರು ಜಗಳಕ್ಕೆ ಬಂದರೆ ಒಬ್ಬರೇ ಎದುರಾಗಬೇಡಿ. ಪ್ರಿನ್ಸಿಪಾಲರ ಕೋಣೆಯಲ್ಲೇ ಮಾತಾಗಲಿ, ತಾರೀಕು ಬರೆದಿಡಿ. ಹೆದರಿಕೆಯಾದರೆ ನಮ್ಮಂಥವರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ 1994ರಿಂದ ಇದೇ ಮುಂಬೈಯಲ್ಲಿದೆ, ಹೋಗಿ ಮಾತಾಡಿ.